ಬೀಜದ ಮೇಲೆ ಹೊರಿಸಿದ ಅಪರಾಧ

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ದಿನ ಸಂಜೆ, ನರಗುಂದ ತಾಲ್ಲೂಕಿನ ಚಿಕ್ಕನರಗುಂದದಂತಹ ಯಾವುದೇ ಊರಿನ ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತು ನೋಡಿ. ಅನುತ್ತೀರ್ಣನಾದ ಹುಡುಗನೊಬ್ಬ ತಲೆ ತಗ್ಗಿಸಿಕೊಂಡು ಎದುರಿನಿಂದ ಹಾದುಹೋಗುತ್ತಾನೆ. ಕಟ್ಟೆಯ ಹಿರಿಯರಲ್ಲೊಬ್ಬರು ಎಲೆ ಅಡಿಕೆಯ ಚಂಚಿಯನ್ನು ಬಿಚ್ಚುತ್ತಲೇ ತೀರ್ಪು ಕೊಟ್ಟುಬಿಡುತ್ತಾರೆ: “ಅವರಪ್ಪನೂ ಹಿಂಗ, ಅವರಜ್ಜನೂ ಹಿಂಗ. ಬೀಜದಾಗ ಇಲ್ಲದ್ದು ಬೆಳಿಯಾಗ ಎಲ್ಲಿಂದ ಬರಬೇಕು?” ಉಳಿದವರು ಹೌದೆಂದು ತಲೆದೂಗುತ್ತಾರೆ. ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಹದಿನಾರು ವರ್ಷದ ಒಂದು ಜೀವದ ಕಡತ ಅಲ್ಲಿಗೆ ಮುಚ್ಚಿತು.

ಇದೇ ಹಿರಿಯರನ್ನು ಅವರ ಎರೆ ಹೊಲಕ್ಕೆ ಕರೆದುಕೊಂಡು ಹೋಗಿ. ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೇ ನಿಂತುಹೋಗಿದೆ ಎಂದುಕೊಳ್ಳೋಣ. ಆಗ ಅವರು ಬೀಜವೊಂದನ್ನೇ ಬಯ್ದು ಸುಮ್ಮನಾಗುವುದಿಲ್ಲ. ಹಸ್ತದ ಮಳೆ ಬಿತ್ತೇ? ಬಿತ್ತುವಾಗ ನೆಲದಲ್ಲಿ ಹಸಿ ಇತ್ತೇ? ಕೂರಿಗೆ ಎಷ್ಟು ಆಳಕ್ಕೆ ಇಳಿಯಿತು? ಎಡೆ ಹೊಡೆದದ್ದು ತಡವಾಯಿತೇ? ಗೊಬ್ಬರ ಕಂಡು ಎಷ್ಟು ವರ್ಷವಾಯಿತು? ಹೀಗೆ ಹತ್ತು ಪ್ರಶ್ನೆ ಕೇಳಿದ ಮೇಲೆ ಹನ್ನೊಂದನೆಯದಾಗಿ ಬೀಜದ ಮಾತು ಬರುತ್ತದೆ. ಜೋಳದ ದಂಟಿಗೆ ನಾವು ತೋರುವ ಈ ನ್ಯಾಯವನ್ನು ಮನುಷ್ಯನ ಮಗುವಿಗೆ ಏಕೆ ತೋರುವುದಿಲ್ಲ? ಇದೇ ನನ್ನ ದೂರು. ಇದು ಕಟ್ಟೆಯ ಮೇಲಿನವರ ವಿರುದ್ಧ ಮಾತ್ರವಲ್ಲ. ಶಿಕ್ಷಕರ ಕೊಠಡಿಯಲ್ಲಿ, ದೇವಾಲಯದ ಅಂಗಳದಲ್ಲಿ, ಅಡುಗೆಮನೆಯಲ್ಲಿ ಅದೇ ಮಾತನ್ನು ಬೇರೆ ಬೇರೆ ಬಾಯಿಂದ ಆಡುವ ನಮ್ಮೆಲ್ಲರ ವಿರುದ್ಧ.

ಬೀಜವೂ ನೆಲವೂ

ಮೊದಲು ಬೀಜದ ಪಾಲು ಎಷ್ಟೆಂಬುದನ್ನು ನೋಡೋಣ. ಮಾನವನ ವಂಶವಾಹಿಗಳ ಪೂರ್ಣ ನಕ್ಷೆಯನ್ನು ಸಿದ್ಧಪಡಿಸುವ ಮಹಾಯೋಜನೆ 2003ರಲ್ಲಿ ಮುಗಿಯಿತು. ನಮ್ಮ ದೇಹದ ಪ್ರೋಟೀನುಗಳನ್ನು ತಯಾರಿಸುವ ಸೂಚನೆಗಳನ್ನು ಹೊತ್ತ ವಂಶವಾಹಿಗಳು ಸುಮಾರು ಇಪ್ಪತ್ತು ಸಾವಿರ. ನಮ್ಮ ಮೆದುಳಿನಲ್ಲಿರುವ ನರಕೋಶಗಳಾದರೋ ಸುಮಾರು 8,600 ಕೋಟಿ. ಒಂದೊಂದು ನರಕೋಶವೂ ಸಾವಿರಾರು ನರಕೋಶಗಳೊಡನೆ ಸಂಪರ್ಕ ಬೆಳೆಸುತ್ತದೆ. ಯಾವ ಕೋಶ ಯಾವುದರೊಡನೆ ಕೂಡಬೇಕೆಂಬುದನ್ನೆಲ್ಲ ಇಪ್ಪತ್ತು ಸಾವಿರ ಸೂಚನೆಗಳಲ್ಲಿ ಮೊದಲೇ ಬರೆದಿಡುವುದು ಸಾಧ್ಯವೇ? ವಂಶವಾಹಿಗಳು ಮನೆಗೆ ಅಡಿಪಾಯ ಹಾಕಿ ಗೋಡೆಗಳನ್ನು ಎಬ್ಬಿಸುತ್ತವೆ. ಆ ಮನೆಯೊಳಗಿನ ಓಡಾಟದ ದಾರಿಗಳು ಬದುಕಿನಿಂದಲೇ ಮೂಡಬೇಕು.

ಕಾಲಕ್ರಮವನ್ನು ಗಮನಿಸಿ. ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮಗುವಿನ ಮೆದುಳು ಹಾಗೂ ಬೆನ್ನುಹುರಿಗಳ ಮೂಲವಾದ ನರಕೊಳವೆ ಮುಚ್ಚಿಕೊಳ್ಳುತ್ತದೆ. ತಾನು ಗರ್ಭಿಣಿ ಎಂಬುದು ಎಷ್ಟೋ ತಾಯಂದಿರಿಗೆ ಆಗಿನ್ನೂ ತಿಳಿದಿರುವುದಿಲ್ಲ. ಆ ಕೊಳವೆ ಸರಿಯಾಗಿ ಮುಚ್ಚಲು ತಾಯಿಯ ದೇಹದಲ್ಲಿ ಫೋಲಿಕ್ ಆಮ್ಲ ಸಾಕಷ್ಟಿರಬೇಕು. ನರಕೋಶಗಳಲ್ಲಿ ಹೆಚ್ಚಿನವು ಹುಟ್ಟುವ ಮೊದಲೇ ಸಿದ್ಧವಾಗುತ್ತವೆ. ಹುಟ್ಟಿದಾಗ ಮಗುವಿನ ಮೆದುಳಿನ ತೂಕ ದೊಡ್ಡವರ ಮೆದುಳಿನ ಕಾಲು ಭಾಗ ಮಾತ್ರ; ಐದು ವರ್ಷ ತುಂಬುವಷ್ಟರಲ್ಲಿ ಅದು ಹತ್ತರಲ್ಲಿ ಒಂಬತ್ತು ಪಾಲು ಬೆಳೆದಿರುತ್ತದೆ. ಆ ವರ್ಷಗಳಲ್ಲಿ ನರಕೋಶಗಳ ನಡುವೆ ಬೇಕಾದದ್ದಕ್ಕಿಂತ ಹೆಚ್ಚು ಸಂಪರ್ಕಗಳು ಹುಟ್ಟಿಕೊಳ್ಳುತ್ತವೆ. ಬಳಕೆಯಾದವು ಬಲಗೊಳ್ಳುತ್ತವೆ, ಬಳಕೆಯಾಗದವು ಅಳಿಯುತ್ತವೆ. ಸಾಲಿನಲ್ಲಿ ಒತ್ತೊತ್ತಾಗಿ ಎದ್ದ ಸಸಿಗಳನ್ನು ತೆಳುಗೊಳಿಸಿ ಉಳಿದವಕ್ಕೆ ಬಲ ಕೊಡುವ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಸಸಿ ಉಳಿಯಬೇಕೆಂಬುದನ್ನು ಇಲ್ಲಿ ಬಹುಮಟ್ಟಿಗೆ ನಿರ್ಧರಿಸುವುದು ಮಗುವಿನ ಅನುಭವ: ಅದು ಕಂಡ ಬೆಳಕು, ಕೇಳಿದ ಮಾತು, ಸಿಕ್ಕ ಅಪ್ಪುಗೆ, ಪಟ್ಟ ಭಯ.

1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟು ನೋಡಿದರು. ಆಮೇಲೆ ಕಣ್ಣು ತೆರೆದರೂ, ಕಣ್ಣಿನಲ್ಲಿ ದೋಷವಿಲ್ಲದಿದ್ದರೂ, ಆ ಕಣ್ಣಿನಿಂದ ಮರಿಗೆ ಸರಿಯಾಗಿ ಕಾಣಲಿಲ್ಲ. ಬೆಳಕು ಬಾರದ ಕಣ್ಣಿನ ಪಾಲಿನ ಜಾಗವನ್ನು ಮೆದುಳು ಇನ್ನೊಂದು ಕಣ್ಣಿಗೆ ಬಿಟ್ಟುಕೊಟ್ಟಿತ್ತು. 1981ರಲ್ಲಿ ಅವರಿಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಬೀಜದಲ್ಲಿ ಕಣ್ಣಿತ್ತು, ಬೆಳಕಿನ ಕಾಲ ತಪ್ಪಿತ್ತು.

“ಆದರೆ ಬುದ್ಧಿ ವಂಶದಿಂದ ಬರುತ್ತದೆಂದು ಅವಳಿ ಮಕ್ಕಳ ಅಧ್ಯಯನಗಳೇ ಹೇಳುತ್ತವಲ್ಲ?” ಎಂದು ಓದಿದವರು ಕೇಳಬಹುದು. ಹೇಳುತ್ತವೆ, ಆದರೆ ಅವು ಏನನ್ನು ಹೇಳುತ್ತವೆ ಎಂಬುದನ್ನು ಹೊಲದಲ್ಲೇ ನಿಂತು ಅರಿಯೋಣ. ಒಂದೇ ಚೀಲದ ಬೀಜವನ್ನು ಅರ್ಧ ಎರೆಯಲ್ಲಿ, ಅರ್ಧ ಮಡ್ಡಿ ನೆಲದಲ್ಲಿ ಬಿತ್ತಿ. ಎರೆ ಹೊಲದೊಳಗೆ ಒಂದು ದಂಟಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬೀಜದಿಂದ ಬಂದದ್ದಿರಬಹುದು, ಏಕೆಂದರೆ ನೆಲ ಒಂದೇ. ಆದರೆ ಎರೆಗೂ ಮಡ್ಡಿಗೂ ನಡುವಿನ ಅಂತರ ನೆಲದ್ದು. ಅಮೆರಿಕದ ವಿಜ್ಞಾನಿ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅವಳಿ ಮಕ್ಕಳ ಅಧ್ಯಯನ ಇದನ್ನೇ ಸಾರಿತು. ಉಳ್ಳವರ ಮನೆಗಳಲ್ಲಿ ಮಕ್ಕಳ ಬುದ್ಧಿಯ ಅಳತೆಯಲ್ಲಿ ಕಂಡ ವ್ಯತ್ಯಾಸ ಬಹುಪಾಲು ವಂಶವಾಹಿಗಳದ್ದಾಗಿತ್ತು. ಕಡುಬಡವರ ಮನೆಗಳಲ್ಲಿ ಅದು ಬಹುಪಾಲು ಪರಿಸರದ್ದಾಗಿತ್ತು. ಮುಂದೆ ಪಶ್ಚಿಮ ಯುರೋಪಿನ ಅಧ್ಯಯನಗಳಲ್ಲಿ ಈ ಅಂತರ ಕಾಣಲಿಲ್ಲ. ಅಲ್ಲಿ ಬಡವರ ಮಗುವಿಗೂ ಆಸ್ಪತ್ರೆ, ಶಾಲೆಗಳು ಹೆಚ್ಚು ಸಮವಾಗಿ ದೊರೆಯುತ್ತವೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ನೆಲವನ್ನು ಸಮ ಮಾಡದೆ ಬೀಜವನ್ನು ದೂರುವವನು ಲೆಕ್ಕದಲ್ಲೇ ತಪ್ಪುತ್ತಾನೆ.

ಚೀಟಿ ಎತ್ತಿದ ಮಕ್ಕಳು

ಇದಕ್ಕಿಂತ ನೇರವಾದ ಸಾಕ್ಷ್ಯವೂ ಇದೆ. ರುಮೇನಿಯಾ ದೇಶದ ಸರ್ವಾಧಿಕಾರಿ ಚಾಷೆಸ್ಕು 1989ರ ಡಿಸೆಂಬರಿನಲ್ಲಿ ಪದಚ್ಯುತನಾದಾಗ, ಅಲ್ಲಿನ ಅನಾಥಾಲಯಗಳಲ್ಲಿ ಸಾವಿರಾರು ಎಳೆಯ ಮಕ್ಕಳು ಸಾಲುತೊಟ್ಟಿಲುಗಳಲ್ಲಿ ಬಿದ್ದಿದ್ದುದು ಜಗತ್ತಿಗೆ ಗೊತ್ತಾಯಿತು. ಹೊತ್ತಿಗೆ ಆಹಾರ ಕೊಡುವವರಿದ್ದರು. ಎತ್ತಿಕೊಳ್ಳುವವರು, ಮಾತನಾಡಿಸುವವರು ಇರಲಿಲ್ಲ. 2000ದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ವಿಜ್ಞಾನಿಗಳು ಬುಕಾರೆಸ್ಟ್ ನಗರದಲ್ಲಿ ಅಂತಹ 136 ಮಕ್ಕಳ ಅಧ್ಯಯನ ಆರಂಭಿಸಿದರು. ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳ ಮಡಿಲಿಗೆ ಹಾಕಲಾಯಿತು. ಯಾವ ಮಗು ಮನೆಗೆ, ಯಾವುದು ಸಂಸ್ಥೆಯಲ್ಲೇ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಯಿತು. ಎಂದರೆ ಒಂದು ಗುಂಪಿನ ಬೀಜ ಒಳ್ಳೆಯದು, ಇನ್ನೊಂದರದು ಕೆಟ್ಟದ್ದು ಎನ್ನಲು ದಾರಿಯೇ ಇರಲಿಲ್ಲ. ವರ್ಷಗಳು ಕಳೆದಂತೆ ಕುಟುಂಬ ಸೇರಿದ ಮಕ್ಕಳ ಬುದ್ಧಿ ಮತ್ತು ಭಾಷೆ ಉಳಿದವರಿಗಿಂತ ಮುಂದೆ ಹೋದವು. ಎರಡು ವರ್ಷ ತುಂಬುವ ಮೊದಲೇ ಮಡಿಲು ಸೇರಿದವರಿಗೆ ಹೆಚ್ಚಿನ ಲಾಭವಾಯಿತು. ತಾಯಿಯ ಮಡಿಲು ಬರಿಯ ಭಾವುಕತೆಯ ಮಾತಲ್ಲ, ಓದುಗರೇ. ಮೆದುಳನ್ನು ಕಟ್ಟುವ ಕೈಗಳಲ್ಲಿ ಅದೂ ಒಂದು.

ನಮ್ಮ ನಾಡಿನ ಲೆಕ್ಕ

ಇನ್ನು ನಮ್ಮ ನೆಲದ ಸ್ಥಿತಿ ಹೇಗಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ನೂರು ಗರ್ಭಿಣಿಯರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆ. ಕಬ್ಬಿಣದ ಅಂಶ ರಕ್ತಕ್ಕಷ್ಟೇ ಬೇಕಾದದ್ದಲ್ಲ. ನರತಂತುಗಳ ಮೇಲೆ ಹೊದಿಕೆ ಬೆಳೆಯಲೂ, ನರಕೋಶಗಳು ಸಂದೇಶ ಸಾಗಿಸಲೂ ಅದು ಬೇಕು. ಪಾಠದ ವೇಳೆ ತೂಕಡಿಸುವ, ಹೇಳಿದ್ದು ತಲೆಗೆ ಹತ್ತದ ಮಗುವಿಗೆ “ಮಂಕ” ಎಂದು ಹೆಸರಿಡುವ ಮೊದಲು ಅದರ ಕಣ್ಣಿನ ಕೆಳರೆಪ್ಪೆಯನ್ನು ಸರಿಸಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಅಯೋಡಿನ್ನಿನ ಕತೆ ಇನ್ನೂ ಕಟುವಾದದ್ದು. ಗರ್ಭದಲ್ಲಿ ಅದರ ಕೊರತೆಯಾದರೆ ಥೈರಾಯ್ಡ್ ರಸ ಸಾಲದೆ ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಗಳಗಂಡವೂ ಬುದ್ಧಿಮಾಂದ್ಯವೂ ಹಿಮಾಲಯದ ತಪ್ಪಲಿನ ಹಳ್ಳಿಗಳಲ್ಲಿ ತಲೆತಲಾಂತರದಿಂದ ಒಟ್ಟಿಗೇ ಸಾಗಿ ಬಂದಿದ್ದವು. ತಂದೆಗೂ ಇತ್ತು, ಮಗನಿಗೂ ಬಂತು ಎಂದ ಮೇಲೆ ಅದು ವಂಶದ ದೋಷವೆಂದೇ ಕಾಣುವುದು ಸಹಜ. 1956ರಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪನ್ನು ಹಂಚಿದರು. ಕೆಲವೇ ವರ್ಷಗಳಲ್ಲಿ ಗಳಗಂಡ ಇಳಿಮುಖವಾಯಿತು. ರಕ್ತದ ಶಾಪದಂತೆ ತೋರಿದ್ದು ಉಪ್ಪಿನಲ್ಲಿದ್ದ ಕೊರತೆ! ಅಯೋಡಿನ್ ಇಲ್ಲದ ಉಪ್ಪನ್ನು ಜನರ ಆಹಾರಕ್ಕಾಗಿ ಮಾರುವುದನ್ನು 2006ರಿಂದ ದೇಶಾದ್ಯಂತ ಮತ್ತೆ ನಿಷೇಧಿಸಲಾಗಿದೆ. ಆದರೂ ಸಂತೆಯಲ್ಲಿ ಎರಡು ರೂಪಾಯಿ ಉಳಿಸಲೆಂದು ಗುರುತಿಲ್ಲದ ಹರಳುಪ್ಪನ್ನು ತರುವ ಮನೆಗಳು ಇನ್ನೂ ಇವೆ.

ಮಾತಿನ ಬಡತನ ಅನ್ನದ ಬಡತನಕ್ಕಿಂತ ಕಡಿಮೆಯದಲ್ಲ. ಮಗು “ಅಪ್ಪಾ, ಅದೇನು?” ಎಂದಾಗ ಉತ್ತರಿಸುವ ಪ್ರತಿಯೊಂದು ಮಾತೂ ಮೆದುಳಿನಲ್ಲಿ ಒಂದು ದಾರಿಯನ್ನು ಗಟ್ಟಿಮಾಡುತ್ತದೆ. ನಾವು ಕೊಡುವ ಉತ್ತರವಾದರೋ “ಸುಮ್ಮನೆ ಕೂಡು” ಎಂಬ ಗದರಿಕೆ, ಇಲ್ಲವೇ ಕೈಗೊಂದು ಮೊಬೈಲು. ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿತು. ಪರದೆ ಮಗುವಿನ ಮಾತಿಗೆ ಕಾದು ನಿಂತು ಮರುನುಡಿಯುವುದಿಲ್ಲ. ಮಾತು ಕಲಿಯುವುದು ಕೊಡುಕೊಳ್ಳುವಿಕೆಯಿಂದ.

ಭಯವೂ ಒಂದು ಅನುಭವವೇ. ದಿನವೂ ಕುಡಿದು ಬರುವ ತಂದೆಯ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಮಲಗುವ ಮಗುವಿನ ದೇಹದಲ್ಲಿ ಅಪಾಯದ ಕಾಲದ ರಸಗಳು ದೀರ್ಘಕಾಲ ಏರಿಯೇ ಇರುತ್ತವೆ. ನೆನಪಿಗೂ ಕಲಿಕೆಗೂ ಬೇಕಾದ ಮೆದುಳಿನ ಭಾಗಗಳ ಮೇಲೆ ಅದರ ಏಟು ಬೀಳುತ್ತದೆ. ಅಂತಹ ಮಗು ತರಗತಿಯಲ್ಲಿ ಗಮನ ಕೊಡದಿದ್ದರೆ ಬೆತ್ತ ಎತ್ತುವುದು ಗಾಯದ ಮೇಲೆ ಗಾಯ ಮಾಡಿದಂತೆ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಮನೆಯಲ್ಲಿ ಅದನ್ನು ನಿಷೇಧಿಸಬೇಕಾದವರು ನಾವು.

ರಕ್ತ ಮಾತನಾಡುವಲ್ಲಿ ನಾವು ಮೌನ

ಹಾಗಾದರೆ ವಂಶವಾಹಿಗೆ ಪಾತ್ರವೇ ಇಲ್ಲವೇ? ಖಂಡಿತ ಇದೆ. ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಇಬ್ಬರು ಮಕ್ಕಳು ಒಂದೇ ರೀತಿ ಇರುವುದಿಲ್ಲವೆಂಬುದನ್ನು ಪ್ರತಿಯೊಬ್ಬ ತಾಯಿಯೂ ಬಲ್ಲಳು. ಆದರೆ ನಮ್ಮ ಸಮಾಜದ ವಿಪರ್ಯಾಸ ನೋಡಿ: ರಕ್ತದ ತಪ್ಪಿಲ್ಲದೆಡೆ ನಾವು ರಕ್ತವನ್ನು ದೂಷಿಸುತ್ತೇವೆ, ರಕ್ತದ ಪ್ರಶ್ನೆ ನಿಜವಾಗಿ ಎದ್ದು ನಿಲ್ಲುವಲ್ಲಿ ಬಾಯಿ ಮುಚ್ಚಿಕೊಳ್ಳುತ್ತೇವೆ.

ಹೊಲ ಹೊರಗೆ ಹೋಗಬಾರದು, ಬಂಗಾರ ಹೊರಗೆ ಹೋಗಬಾರದು ಎಂದು ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು, ಅತ್ತೆಯ ಮಗನಿಗೆ ಸೋದರಮಾವನ ಮಗಳನ್ನು ಕೊಡುವುದು ನಮ್ಮ ನಾಡಿನಲ್ಲಿ ಹಳೆಯ ರೂಢಿ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆ ನಡೆಸಿದ ವಿಜ್ಞಾನಿಗಳು ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಸಂಬಂಧವನ್ನು ದಾಖಲಿಸಿದಾಗ, ಸುಮಾರು ಮೂರನೆಯ ಒಂದು ಭಾಗ ರಕ್ತಸಂಬಂಧದ ಮದುವೆಗಳಾಗಿದ್ದವು. ಇಂದಿಗೂ ರಾಜ್ಯದಲ್ಲಿ ಸುಮಾರು ಕಾಲು ಭಾಗದಷ್ಟು ಮದುವೆಗಳು ಅಂಥವೇ. ಸೋದರಮಾವ ಮತ್ತು ಸೊಸೆಯ ನಡುವೆ ಸರಾಸರಿ ನಾಲ್ಕನೆಯ ಒಂದು ಪಾಲು ವಂಶವಾಹಿಗಳು ಸಮಾನ. ಒಂದೇ ದೋಷಯುಕ್ತ ವಂಶವಾಹಿ ಇಬ್ಬರಲ್ಲೂ ಅಡಗಿದ್ದು ಮಗುವಿನಲ್ಲಿ ಕೂಡಿಕೊಂಡರೆ ಹುಟ್ಟುಕಿವುಡು, ಬುದ್ಧಿಮಾಂದ್ಯ ಮುಂತಾದವು ಕಾಣಿಸಿಕೊಳ್ಳಬಹುದು. ಇಂತಹ ದಂಪತಿಗಳ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ ಆಗಿರುತ್ತಾರೆ. ಆದುದರಿಂದ ಈಗಾಗಲೇ ಮದುವೆಯಾದವರು ಎದೆಗುಂದಬೇಕಾಗಿಲ್ಲ. ಆದರೆ ಅಪಾಯ ಹೆಚ್ಚೆಂಬುದು ಸತ್ಯ. ಧರ್ಮಸಭೆಯ ಕಾನೂನೂ, 1983ರ ಸಂಹಿತೆಯ 1091ನೆಯ ವಿಧಿಯಲ್ಲಿ, ಇಂತಹ ಸಂಬಂಧಗಳನ್ನು ವಿವಾಹಕ್ಕೆ ಅಡ್ಡಿಯೆಂದೇ ಎಣಿಸುತ್ತದೆ. ನಾವಾದರೋ ವಿನಾಯಿತಿಯ ಅರ್ಜಿ ಹಿಡಿದು ಗುರುಗಳ ಬಾಗಿಲಲ್ಲಿ ನಿಲ್ಲುತ್ತೇವೆ. ವಿನಾಯಿತಿಯ ಕಾಗದವನ್ನು ವಂಶವಾಹಿ ಓದುವುದಿಲ್ಲ. ಮುಂದೆ ಮಗುವಿಗೆ ಕಿವಿ ಕೇಳದಿದ್ದರೆ ಅದನ್ನು ಹಣೆಬರಹವೆನ್ನುತ್ತೇವೆ, ಇಲ್ಲವೇ ಸೊಸೆಯ ಕಾಲ್ಗುಣವೆನ್ನುತ್ತೇವೆ!

ಇನ್ನೂ ಒಂದು ಮಾತು. ವಂಶವಾಹಿಯೇ ನಿಜವಾದ ಕಾರಣವಾದಾಗಲೂ ಅದು ಕೊನೆಯ ತೀರ್ಪಲ್ಲ. ನಾರ್ವೆಯ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ 1934ರಲ್ಲಿ ಗುರುತಿಸಿದ ಫಿನೈಲ್‌ಕೀಟೋನೂರಿಯಾ ಎಂಬ ಕಾಯಿಲೆ ಅಪ್ಪಟ ವಂಶಪಾರಂಪರ್ಯದ್ದು. ಆಹಾರದ ಪ್ರೋಟೀನಿನಲ್ಲಿರುವ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾರದೆ ಮೆದುಳು ಹಾಳಾಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿ, ಆ ಅಂಶ ಅತ್ಯಲ್ಪವಿರುವ ಆಹಾರವನ್ನು ಕೊಟ್ಟರೆ, ಅದೇ ವಂಶವಾಹಿಯನ್ನು ಹೊತ್ತ ಮಗು ಎಲ್ಲರಂತೆ ಓದಿ ಬೆಳೆಯುತ್ತದೆ. ಕಿವುಡುತನವೂ ಹಾಗೆಯೇ. ಮೊದಲ ತಿಂಗಳುಗಳಲ್ಲೇ ಪತ್ತೆಹಚ್ಚಿ ಶ್ರವಣಯಂತ್ರವನ್ನೋ ಸನ್ನೆಭಾಷೆಯನ್ನೋ ಒದಗಿಸಿದರೆ ಮಗುವಿನ ಮೆದುಳು ಭಾಷೆಯನ್ನು ಪಡೆದುಕೊಳ್ಳುತ್ತದೆ. ಈ ಕೆಲಸಕ್ಕೆಂದೇ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಐದಾರು ವರ್ಷ “ತಡವಾಗಿ ಮಾತಾಡ್ತಾನ ಬಿಡ್ರಿ” ಎಂದು ಕಾದು, ಕೊನೆಗೆ “ಮೂಗ” ಎಂದು ಕೈಬಿಟ್ಟರೆ ಅಪರಾಧಿ ಯಾರು?

ಈ ಮಾತು ಎಲ್ಲಿಗೆ ಒಯ್ಯುತ್ತದೆ?

ರಕ್ತದ ಮಾತು ಕಟ್ಟೆಯಲ್ಲೇ ಉಳಿಯುವುದಿಲ್ಲ. 1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕ್ಯಾರಿ ಬಕ್ ಎಂಬ ಬಡ ಯುವತಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಒಪ್ಪಿಗೆಯಿತ್ತಿತು. ತಾಯಿ ಮಂದಬುದ್ಧಿ, ಮಗಳು ಮಂದಬುದ್ಧಿ, ಏಳು ತಿಂಗಳ ಮೊಮ್ಮಗಳೂ ಹಾಗೆಯೇ ಕಾಣುತ್ತಾಳೆ ಎಂಬುದು ಅಲ್ಲಿ ಮಂಡಿಸಿದ ವಾದ. ಆ ಮೊಮ್ಮಗಳು ವಿವಿಯನ್ ಮುಂದೆ ಶಾಲೆಗೆ ಸೇರಿ, 1931ರಲ್ಲಿ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರು ಪಡೆದಳು. ಎಂಟನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಸುಮಾರು ಐದು ವರ್ಷ ಮೊದಲೇ ಅವಳ ತಾಯಿಯ ಒಡಲನ್ನು ಬರಿದು ಮಾಡಲಾಗಿತ್ತು. ಇಂತಹ ಕಾನೂನುಗಳನ್ನು ಜಗದ್ಗುರು ಹನ್ನೊಂದನೆಯ ಭಕ್ತಿನಾಥರು 1930ರ ಡಿಸೆಂಬರಿನಲ್ಲಿ ಬರೆದ ವಿಶ್ವಪತ್ರದಲ್ಲಿ ಖಂಡಿಸಿದರು. ಮೂರೇ ವರ್ಷಗಳಲ್ಲಿ ಜರ್ಮನಿ ಅದೇ ಬಗೆಯ ಕಾನೂನನ್ನು ತಂದಿತು. ಮುಂದಿನದು ಇತಿಹಾಸ.

ನಮ್ಮಲ್ಲಿ ಈ ಮಾತು ತೊಟ್ಟ ವೇಷ ಬೇರೆ. “ಬೀಜ”, “ಕುಲ”, “ಅವರ ಪೈಕಿ” ಎನ್ನುವಾಗ ನಾವು ಆಡುತ್ತಿರುವುದು ಜಾತಿಯ ಮಾತಲ್ಲವೇ? ಹೆಬ್ಬೆಟ್ಟು ಒತ್ತಿದ ಅಜ್ಜನ ಮೊಮ್ಮಗಳು ಇಂದು ದಾದಿಯಾಗಿ, ಶಿಕ್ಷಕಿಯಾಗಿ ದುಡಿಯುತ್ತಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ! ಎರಡು ತಲೆಮಾರಿನಲ್ಲಿ ರಕ್ತ ಬದಲಾಗಲಿಲ್ಲ. ಶಾಲೆಯ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಬಂದ ನಾವೇ ಇನ್ನೊಬ್ಬರ ಮಗುವಿನ ರಕ್ತವನ್ನು ಅಳೆಯುವುದು ಎಂತಹ ಮರೆವು!

ಇದಕ್ಕೆ ವಿರುದ್ಧ ದಿಕ್ಕಿನ ಮೋಸವೂ ಒಂದಿದೆ. ಮೊದಲ ಮೂರು ವರ್ಷಗಳಲ್ಲಿ ಎಲ್ಲವನ್ನೂ ತುಂಬಿಬಿಡಬೇಕೆಂದು ಎರಡೂವರೆ ವರ್ಷದ ಕೂಸಿನ ಬೆನ್ನಿಗೆ ಚೀಲ ಕಟ್ಟುವವರು, ಕಣ್ಣಿಗೆ ಬಟ್ಟೆ ಕಟ್ಟಿ “ನಡುಮೆದುಳನ್ನು ಜಾಗೃತಗೊಳಿಸುತ್ತೇವೆ” ಎಂದು ಸಾವಿರಾರು ರೂಪಾಯಿ ಕೀಳುವವರು ಅದರ ವ್ಯಾಪಾರಿಗಳು. ಕೂಸಿಗೆ ಬೇಕಾದುದು ಮಣ್ಣು, ಆಟ, ಹಾಡು, ಕತೆ, ನಿದ್ದೆ. ಮೆದುಳಿನ ಬಾಗಿಲು ಮೂರು ವರ್ಷಕ್ಕೇ ಮುಚ್ಚಿಹೋಗುವುದೂ ಇಲ್ಲ. ಹುಟ್ಟುಪೊರೆಯಿಂದ ಕುರುಡಾದ ಉತ್ತರ ಭಾರತದ ಬಡ ಮಕ್ಕಳಿಗೆ ವಿಜ್ಞಾನಿ ಪವನ್ ಸಿನ್ಹಾ ಅವರ ‘ಪ್ರಕಾಶ್’ ಯೋಜನೆ ಶಸ್ತ್ರಚಿಕಿತ್ಸೆ ಮಾಡಿಸಿದಾಗ, ಎಂಟು ಹತ್ತು ವರ್ಷ ದಾಟಿದವರೂ ಪೂರ್ತಿಯಾಗಿ ಅಲ್ಲದಿದ್ದರೂ ಗಣನೀಯವಾಗಿ ನೋಡಲು ಕಲಿತರು. ವಿವೇಚನೆಗೂ ಸಂಯಮಕ್ಕೂ ನೆಲೆಯಾದ ಮೆದುಳಿನ ಮುಂಭಾಗವಂತೂ ಇಪ್ಪತ್ತರ ಹರೆಯ ದಾಟುವವರೆಗೆ ಮಾಗುತ್ತಲೇ ಇರುತ್ತದೆ. ಹಾಗಿರುವಾಗ ಹದಿನಾರರ ಹುಡುಗನ ಕಡತವನ್ನು ಮುಚ್ಚಲು ನಮಗೆ ಅಧಿಕಾರ ಕೊಟ್ಟವರು ಯಾರು?

ನಾವು ಮಾಡಬೇಕಾದದ್ದು

ಓದುಗರೇ, ದೂರು ಹೇಳಿ ಮುಗಿಸಲಾರೆ. ಗರ್ಭಿಣಿ ಸೊಸೆಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ದೊರೆಯುತ್ತಿದೆಯೇ, ಆಕೆ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುತ್ತಿದ್ದಾಳೆಯೇ ಎಂಬುದನ್ನು ಮನೆಯ ಗಂಡಸರು ನೋಡಲಿ. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಆರಂಭವಾಯಿತು. ಅಲ್ಲಿಗೆ ಹೋಗುವುದನ್ನು ಬಡತನದ ಗುರುತೆಂದು ನಾಚದಿರಲಿ. ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಗೆ 2013ರಿಂದ ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಕಿವಿ, ಕಣ್ಣು, ರಕ್ತಗಳನ್ನು ಪರೀಕ್ಷಿಸದೆ ಯಾವ ಮಗುವಿಗೂ “ಮಂಕ” ಎಂಬ ಹೆಸರು ಬೀಳದಿರಲಿ. ವಿವಾಹ ಸಿದ್ಧತೆಯ ಶಿಬಿರಗಳಲ್ಲಿ ರಕ್ತಸಂಬಂಧದ ಮದುವೆಯ ವಿಷಯವನ್ನು ಸಂಕೋಚವಿಲ್ಲದೆ ಚರ್ಚಿಸಲಿ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ಮೊಬೈಲನ್ನು ದೂರವಿಟ್ಟು ಮಗುವಿನ ಮಾತನ್ನು ಕೇಳೋಣ.

ತಂದೆಯ ದ್ರಾಕ್ಷಿಗೂ ಮಗನ ಹಲ್ಲಿಗೂ ಗಂಟು ಹಾಕುತ್ತಿದ್ದ ಗಾದೆಯೊಂದು ಹಿಂದೆ ಇಸ್ರಯೇಲಿನಲ್ಲಿ ಬಳಕೆಯಲ್ಲಿತ್ತು. ಇನ್ನು ಅದನ್ನು ಆಡಕೂಡದೆಂದು ಯೆಜೆಕಿಯೇಲ ಪ್ರವಾದಿ ತಡೆದನು. ನಮ್ಮ ಕಟ್ಟೆಯ ಗಾದೆಗೂ ಅದೇ ಗತಿಯಾಗಬೇಕು. ಮುಂದಿನ ಫಲಿತಾಂಶದ ದಿನ ಆ ಹುಡುಗ ಎದುರಿನಿಂದ ಹಾದುಹೋಗುವಾಗ ಹಿರಿಯರೊಬ್ಬರು ಕಟ್ಟೆಯಿಂದ ಇಳಿದು ಅವನ ಹೆಗಲ ಮೇಲೆ ಕೈಯಿಡಲಿ. “ಬಾ ತಮ್ಮಾ, ಕೂಡು. ಯಾವ ವಿಷಯ ತೊಡಕಾಗೇತಿ ಹೇಳು” ಎನ್ನಲಿ. ಮರುಪರೀಕ್ಷೆಗೆ ಇನ್ನೂ ಸಮಯವಿದೆ.